ಅಪಾರ್ಟ್‌ಮೆಂಟ್ ಜಗಳಗಳ ಬೇರು ಕಾಗದದಲ್ಲಿದೆ

ಬೆಂಗಳೂರಿನ ಅಪಾರ್ಟ್‌ಮೆಂಟುಗಳ ತಕರಾರುಗಳು ಮೇಲ್ನೋಟಕ್ಕೆ ಚಿಲ್ಲರೆಯಾಗಿ ಕಾಣುತ್ತವೆ. ಮೇಂಟೆನೆನ್ಸ್ ಬಾಕಿ, ಪಾರ್ಕಿಂಗ್ ಜಾಗ, ನಾಯಿ ಸಾಕಬಾರದೆಂಬ ಕಮಿಟಿಯ ನಿರ್ಣಯ, ಬಿಲ್ಡರ್ ಕೈಬಿಡದ ಕಾರ್ಪಸ್ ನಿಧಿ. ನೆರೆಹೊರೆಯವರ ಸ್ವಭಾವವನ್ನು ದೂರಿ ಸುಮ್ಮನಾಗುವುದು ಸುಲಭ. ಆದರೆ ಕೆದಕಿ ನೋಡಿದರೆ ಇವುಗಳಲ್ಲಿ ಬಹುಪಾಲು ಒಂದೇ ಕಡೆ ಬಂದು ನಿಲ್ಲುತ್ತವೆ: ಮನೆ ಬಾಗಿಲಿನಾಚೆಯ ನೆಲ, ಮೆಟ್ಟಿಲು, ಲಿಫ್ಟ್, ತಾರಸಿ ಕಾನೂನಿನ ಪ್ರಕಾರ ಯಾರವು? ಅವನ್ನು ನೋಡಿಕೊಳ್ಳುವ ಸಂಘಕ್ಕೆ ಅಧಿಕಾರ ಎಲ್ಲಿಂದ ಬಂತು? ಇದಕ್ಕೆ ಉತ್ತರ ಹೇಳುವ ದಾಖಲೆಯನ್ನು ಸಕಾಲದಲ್ಲಿ ಮಾಡಿಸದಿರುವುದೇ ಈ ಜಗಳಗಳ ಮೂಲ ಎಂಬುದು ನನ್ನ ವಾದ.

ಆ ದಾಖಲೆಯ ಹೆಸರು ಡೀಡ್ ಆಫ್ ಡಿಕ್ಲರೇಷನ್. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ತಾನಾಗಿಯೇ ಯಾವ ಕಟ್ಟಡಕ್ಕೂ ಅನ್ವಯಿಸುವುದಿಲ್ಲ. ಮಾಲೀಕರು ತಮ್ಮ ಆಸ್ತಿಯನ್ನು ಕಾಯ್ದೆಗೆ ಒಳಪಡಿಸುತ್ತೇವೆಂದು ಈ ಘೋಷಣಾ ಪತ್ರವನ್ನು ಬೈಲಾ ಸಮೇತ ನೋಂದಾಯಿಸಿದರೆ ಮಾತ್ರ ಅದು ಜೀವ ತಳೆಯುತ್ತದೆ. ಯಾವ ಫ್ಲ್ಯಾಟಿಗೆ ನೆಲದಲ್ಲಿ ಎಷ್ಟು ಅವಿಭಜಿತ ಪಾಲು, ಸಾಮಾನ್ಯ ಪ್ರದೇಶಗಳು ಯಾವುವು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಸಭೆಗಳಲ್ಲಿ ಗಂಟೆಗಟ್ಟಲೆ ಎಳೆದಾಡುವ ಎಷ್ಟೋ ಚರ್ಚೆಗಳಿಗೆ ಈ ಕಾಯ್ದೆಯಲ್ಲಿ ಆಗಲೇ ಉತ್ತರವಿದೆ. ಮೇಂಟೆನೆನ್ಸ್ ಅನ್ನು ಎಲ್ಲರಿಗೂ ಸಮನಾಗಿ ಹಾಕಬೇಕೆಂದು ದೊಡ್ಡ ಫ್ಲ್ಯಾಟಿನವರು ಹೇಳುತ್ತಾರೆ, ಚದರಡಿ ಲೆಕ್ಕವಿರಲಿ ಎಂದು ಚಿಕ್ಕ ಫ್ಲ್ಯಾಟಿನವರು ಹಟ ಹಿಡಿಯುತ್ತಾರೆ. ಕಾಯ್ದೆಯ ಲೆಕ್ಕ ಅವಿಭಜಿತ ಪಾಲಿನ ಪ್ರಮಾಣದ್ದು. ನೆಲಮಹಡಿಯವರು ತಾವು ಲಿಫ್ಟ್ ಹತ್ತುವುದೇ ಇಲ್ಲವೆಂದು ಹಣ ಕೊಡಲು ನಿರಾಕರಿಸಬಹುದೇ? ಇಲ್ಲ, ಸಾಮಾನ್ಯ ಸೌಲಭ್ಯವನ್ನು ಬಳಸದಿದ್ದರೂ, ಮನೆಗೆ ಬೀಗ ಹಾಕಿ ಹೋದರೂ ಪಾಲಿನ ಖರ್ಚಿನಿಂದ ಬಿಡುಗಡೆಯಿಲ್ಲ. ಕೊಡದ ಬಾಕಿ ಆ ಫ್ಲ್ಯಾಟಿನ ಮೇಲೆ ಋಣಭಾರವಾಗಿ ಕೂರುತ್ತದೆ.

ಹೀಗಿದ್ದರೂ ನಗರದ ಬಹಳಷ್ಟು ಸಂಘಗಳು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಹುಟ್ಟಿಕೊಂಡವು. ಕಾರಣ ಸರಳ. ಆ ದಾರಿಯಲ್ಲಿ ಕೆಲವೇ ಜನ ಸಹಿ ಹಾಕಿದರೆ ಸಾಕು, ಬ್ಯಾಂಕ್ ಖಾತೆ ತೆರೆಯಬಹುದು, ಸೆಕ್ಯುರಿಟಿಯವರ ಜೊತೆ ಕರಾರು ಮಾಡಿಕೊಳ್ಳಬಹುದು. ಆದರೆ ಆ ಕಾಯ್ದೆ ಇರುವುದು ದಾನಧರ್ಮ, ಶಿಕ್ಷಣ, ಸಾಹಿತ್ಯ, ಕಲೆ, ಕ್ರೀಡೆಯಂಥ ಉದ್ದೇಶಗಳಿಗೆ. ವಾಸದ ಅಪಾರ್ಟ್‌ಮೆಂಟುಗಳ ಆಡಳಿತಕ್ಕೆ ಅದು ತಕ್ಕ ಕಾಯ್ದೆಯಲ್ಲವೆಂದು ಕರ್ನಾಟಕ ಹೈಕೋರ್ಟ್ ಹೇಳಿದೆ. ‘ಹದಿನೈದು ವರ್ಷ ಹೀಗೇ ನಡೆಸಿಕೊಂಡು ಬಂದಿದ್ದೇವೆ, ಏನೂ ಆಗಿಲ್ಲವಲ್ಲ’ ಎಂಬ ಆಕ್ಷೇಪ ಸಹಜವೇ. ಎಲ್ಲರೂ ಹಣ ಕೊಡುವವರೆಗೆ, ಬಿಲ್ಡರ್ ತಗಾದೆ ತೆಗೆಯದಿರುವವರೆಗೆ ನಿಜಕ್ಕೂ ಏನೂ ಆಗುವುದಿಲ್ಲ. ಬಾಕಿಗಾಗಿ ದಾವೆ ಹೂಡಿದ ದಿನ ಎದುರು ವಕೀಲರು ಕೇಳುವ ಮೊದಲ ಪ್ರಶ್ನೆಯೇ ಈ ಸಂಘಕ್ಕೆ ವಸೂಲಿ ಹಕ್ಕು ಎಲ್ಲಿಂದ ಬಂತು ಎಂಬುದು.

ಕಾಗದ ಗಟ್ಟಿಯಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ನೋಯ್ಡಾದ ಸೂಪರ್‌ಟೆಕ್ ಪ್ರಕರಣಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಎಮರಾಲ್ಡ್ ಕೋರ್ಟ್ ವಸತಿ ಸಮುಚ್ಚಯದಲ್ಲಿ ಬಿಲ್ಡರ್ ಇನ್ನೂ ಎರಡು ಗೋಪುರಗಳನ್ನು ಎಬ್ಬಿಸಿದಾಗ ನಿವಾಸಿಗಳ ಸಂಘ ಅಲಹಾಬಾದ್ ಹೈಕೋರ್ಟಿಗೆ ಹೋಯಿತು. 2014ರಲ್ಲಿ ಕೆಡವಲು ಆದೇಶ ಬಂತು. 2021ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹೊಸ ಫ್ಲ್ಯಾಟುಗಳು ಸೇರಿದಷ್ಟೂ ಹಳೆಯ ಮಾಲೀಕರ ಅವಿಭಜಿತ ಪಾಲು ಕುಗ್ಗುತ್ತದೆ, ಆದ್ದರಿಂದ ಅವರ ಒಪ್ಪಿಗೆಯಿಲ್ಲದೆ ಕಟ್ಟುವಂತಿಲ್ಲ ಎಂಬುದು ತೀರ್ಪಿನ ಮುಖ್ಯ ಆಧಾರಗಳಲ್ಲೊಂದು. ಆ ಒಪ್ಪಿಗೆಯ ಹಕ್ಕು ಬಂದದ್ದು ಉತ್ತರಪ್ರದೇಶದ ಅಪಾರ್ಟ್‌ಮೆಂಟ್ ಕಾಯ್ದೆಯಿಂದ. ಮರುವರ್ಷ ಆಗಸ್ಟ್ 28ರಂದು ಎರಡೂ ಗೋಪುರಗಳು ನೆಲಕ್ಕುರುಳಿದವು.

ಋಣಭಾರ ಹೂಡುವಷ್ಟು ಅಧಿಕಾರ ಕೊಟ್ಟರೆ ಕಮಿಟಿಗಳು ಪಾಳೆಗಾರಿಕೆಗೆ ಇಳಿಯುವುದಿಲ್ಲವೇ ಎಂದು ಕೆಲವರು ಅಂಜುತ್ತಾರೆ. ಈ ಅಂಜಿಕೆ ಸುಳ್ಳಲ್ಲ. ಬಾಕಿದಾರರ ನೀರು ನಿಲ್ಲಿಸುವ, ಒಂಟಿಯಾಗಿರುವ ಬಾಡಿಗೆದಾರರನ್ನು ಕಾಡುವ ಕಮಿಟಿಗಳಿವೆ. ಆದರೆ ಅಧಿಕಾರದ ಗಡಿ ಬರೆದಿಡದ ಕಡೆಯೇ ಇಂಥ ದಬ್ಬಾಳಿಕೆ ಹೆಚ್ಚು. ಕಾನೂನಿನ ಬಲದಿಂದ ಬಾಕಿ ವಸೂಲು ಮಾಡಬಲ್ಲ ಸಂಘಕ್ಕೆ ನಲ್ಲಿ ಮುಚ್ಚುವ ಅಗತ್ಯವೇ ಬೀಳುವುದಿಲ್ಲ. ಬಹುಮತ ಸಿಕ್ಕಿತೆಂದು ಏನನ್ನು ಬೇಕಾದರೂ ನಿರ್ಣಯಿಸುವ ಹಾಗೂ ಇಲ್ಲ: ಸಾಕುಪ್ರಾಣಿಗಳನ್ನು ಪೂರ್ತಿ ನಿಷೇಧಿಸುವ ಬೈಲಾಗಳು ಊರ್ಜಿತವಲ್ಲವೆಂದು ಕೇರಳ ಹೈಕೋರ್ಟ್ 2021ರಲ್ಲಿ ತೀರ್ಪು ಕೊಟ್ಟಿತು.

ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು, ಅದನ್ನು ನಾನು ಒಪ್ಪುತ್ತೇನೆ. 1972ರ ಕಾಯ್ದೆಗೆ ಒಳಪಡಲು ಎಲ್ಲ ಮಾಲೀಕರೂ ಸಹಿ ಹಾಕಬೇಕು. ಐನೂರು ಮನೆಗಳ ಸಮುಚ್ಚಯದಲ್ಲಿ ಒಬ್ಬರು ವಿದೇಶದಲ್ಲಿದ್ದು ಸಿಗದೇ ಹೋದರೂ, ಇಲ್ಲೇ ಇದ್ದು ಮುನಿಸಿಕೊಂಡರೂ ಕೆಲಸ ಕೆಡುತ್ತದೆ. ಬೆಂಗಳೂರಿನಲ್ಲಿ ಬಹುಮಹಡಿಗಳೇ ವಿರಳವಾಗಿದ್ದ ಕಾಲದ ಷರತ್ತು ಅದು. ಸಾಲದೆಂಬಂತೆ 2016ರ ಕೇಂದ್ರದ ರೇರಾ ಕಾಯ್ದೆ ಸಾಮಾನ್ಯ ಪ್ರದೇಶಗಳನ್ನು ಸಂಘದ ಹೆಸರಿಗೆ ಬರೆದುಕೊಡಿ ಎನ್ನುತ್ತದೆ. ರಾಜ್ಯದ ಕಾಯ್ದೆಯಲ್ಲಿ ಅವು ಫ್ಲ್ಯಾಟಿನ ಜೊತೆಗೇ ಮಾಲೀಕರಿಗೆ ಸೇರಿದ ಪಾಲು. ಎರಡರಲ್ಲಿ ಯಾವುದನ್ನು ಹಿಡಿಯಬೇಕೆಂದು ಸಾಮಾನ್ಯ ಕೊಳ್ಳುಗ ಹೇಗೆ ತಾನೇ ನಿರ್ಧರಿಸಬೇಕು? ಈ ಗೊಂದಲ ಬಿಡಿಸುವ ಹೊಣೆ ಶಾಸನಸಭೆಯದು. ಅಲ್ಲಿಯವರೆಗೆ, ಹೊಸ ಯೋಜನೆಗಳಲ್ಲಿ ಮಾಲೀಕರಿಗೊಂದು ಅವಕಾಶ ಉಳಿದಿದೆ. ಬಹುಪಾಲು ಮನೆಗಳು ಬುಕ್ ಆದ ಮೂರು ತಿಂಗಳಲ್ಲಿ ಸಂಘ ರಚನೆಗೆ ದಾರಿ ಮಾಡಿಕೊಡುವುದು ರೇರಾ ಪ್ರಕಾರ ಬಿಲ್ಡರ್‌ನ ಕರ್ತವ್ಯ. ಎಲ್ಲರ ಸಹಿ ಒಂದೇ ಕಡೆ ಸಿಗುವುದು ಕ್ರಯಪತ್ರ ಆಗುವ ಆ ಹೊತ್ತಿನಲ್ಲೇ. ಹಳೆಯ ಫ್ಲ್ಯಾಟ್ ಕೊಳ್ಳುವವರಾದರೆ, ಈಜುಕೊಳ, ಜಿಮ್ ನೋಡುವ ಮೊದಲು ಡಿಕ್ಲರೇಷನ್ನಿನ ನೋಂದಾಯಿತ ಪ್ರತಿ, ಅದರಲ್ಲಿ ಆ ಮನೆಯ ಪಾಲಿನ ಶೇಕಡಾವಾರು, ಸಂಘದಿಂದ ಬಾಕಿಯಿಲ್ಲವೆಂಬ ಪತ್ರ, ಈ ಮೂರನ್ನು ಕೇಳಿ ಪಡೆಯಬೇಕು.