ಮುಂಚಕ್ರದ ಮೇಲಿನ ತಗಡು: ಮನೆಯಲ್ಲಿಯೇ ಫೆಂಡರ್ ಬದಲಾವಣೆ



ಅಲ್ ನಹ್ದಾ ಎಂಬ ಅರಬ್ಬೀ ಹೆಸರಿಗೆ ಏಳಿಗೆ, ನವೋದಯ ಎಂಬ ಅರ್ಥವಿದೆ. ದುಬೈಯಲ್ಲಿ ಒಂದು ನಹ್ದಾ, ಗಡಿಯಾಚೆ ಶಾರ್ಜಾದಲ್ಲಿ ಇನ್ನೊಂದು. ಎರಡರಲ್ಲಿಯೂ ಕಟ್ಟಡಗಳು ಎದ್ದವೇ ಹೊರತು ಕಾರು ನಿಲ್ಲಿಸುವ ಜಾಗ ಆ ಪ್ರಮಾಣದಲ್ಲಿ ಬೆಳೆಯಲಿಲ್ಲ. ನೆಲಮಾಳಿಗೆಯ ಕಂಬಕ್ಕೆ ಉಜ್ಜಿ ಜಜ್ಜಿಹೋದ ಮುಂಭಾಗದ ಫೆಂಡರ್, ಅಂದರೆ ಊರಿನಲ್ಲಿ ನಾವು ಮಡ್‌ಗಾರ್ಡ್ ಎಂದು ಕರೆಯುತ್ತಿದ್ದ ತಗಡು, ಆದುದರಿಂದ ನಮ್ಮ ನಡುವೆ ಅಪರೂಪದ ದೃಶ್ಯವೇನಲ್ಲ. ಅದನ್ನು ಮನೆಯಲ್ಲಿಯೇ ಬದಲಾಯಿಸಬಹುದೇ ಎಂದು ಹಲವರು ಕೇಳಿದ್ದಾರೆ. ಬದಲಾಯಿಸಬಹುದು, ಆದರೆ ಎಲ್ಲಿ ಕೈ ತಡೆಯಬೇಕೆಂಬುದನ್ನು ಬಲ್ಲವರು ಮಾತ್ರ.

ಸ್ಪ್ಯಾನರ್ ಹಿಡಿಯುವ ಮುನ್ನ ಪೊಲೀಸರ ಕಾಗದ ಕೈಯಲ್ಲಿರಬೇಕು. ಪೆಟ್ಟು ತಿಂದ ವಾಹನವನ್ನು ಪೊಲೀಸ್ ವರದಿಯಿಲ್ಲದೆ ಇಲ್ಲಿಯ ಗ್ಯಾರೇಜಿನವರು ದುರಸ್ತಿ ಮಾಡುವಂತಿಲ್ಲ. ತಪ್ಪಿಲ್ಲದವರಿಗೆ ಹಸಿರು ಕಾಗದ, ತಪ್ಪಿತಸ್ಥರಿಗೆ ಕೆಂಪು. ಮನೆಯಲ್ಲಿ ಮಾಡುವಾಗ ಕೇಳುವವರು ಯಾರು ಎನ್ನಬೇಡಿ. ಬಣ್ಣಕ್ಕೆಂದು ಹೋದಾಗ ಪೇಂಟರ್ ಕೇಳುತ್ತಾನೆ. ಬೇರೆಯವರು ಗುದ್ದಿದ್ದರೆ ಅವರ ವಿಮೆಯೇ ಖರ್ಚನ್ನು ಭರಿಸುತ್ತದೆ. ಆಗ ಈ ಶ್ರಮವೇ ಬೇಡ. ತಪ್ಪು ನಮ್ಮದಾಗಿ, ಕಾರಿಗೆ ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದಾಗಲೇ ಇದು ಉಳಿತಾಯದ ಮಾರ್ಗ. ಕೆಲಸವನ್ನು ರಸ್ತೆಬದಿಯಲ್ಲಿ ಮಾಡಬಾರದು. ಕಟ್ಟಡದವರ ಅನುಮತಿ ಪಡೆಯಿರಿ, ಇಲ್ಲವೇ ವಿಲ್ಲಾದ ಅಂಗಳವುಳ್ಳ ಸ್ನೇಹಿತರನ್ನು ಹುಡುಕಿರಿ.

ಮುಂದಿನ ಫೆಂಡರ್ ಸಾಮಾನ್ಯವಾಗಿ ಬೋಲ್ಟುಗಳಿಂದ ಕೂತಿರುತ್ತದೆ. ಹಿಂಚಕ್ರದ ಮೇಲಿನ ತಗಡು ಒಡಲಿಗೇ ಬೆಸುಗೆಗೊಂಡಿರುತ್ತದೆ. ನಾವು ಹೇಳುವುದೆಲ್ಲ ಮುಂದಿನದಕ್ಕೆ ಮಾತ್ರ. ಅದು ಕಾರಿನ ಅಂಗಿಯೇ ಹೊರತು ಎಲುಬಲ್ಲ.

ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿ ಕೆಲವು ನಿಮಿಷ ಬಿಡಬೇಕು. ಏರ್‌ಬ್ಯಾಗಿನ ಸೆನ್ಸರುಗಳು ಮುಂಭಾಗದಲ್ಲಿಯೇ ಇರುವುದುಂಟು. ಚಕ್ರ ಬಿಚ್ಚಿದ ಬಳಿಕ ಕಾರಿನ ಭಾರವನ್ನು ಜಾಕಿಗೆ ಒಪ್ಪಿಸದೆ ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ಇಳಿಸಿರಿ. ಈ ಒಂದು ವಿಷಯದಲ್ಲಿ ಉಳಿತಾಯ ಬೇಡ. ಬಳಿಕ ಚಕ್ರದ ಮೇಲ್ಗಡೆಯ ಪ್ಲಾಸ್ಟಿಕ್ ಲೈನರನ್ನು ತೆಗೆಯಬೇಕು. ಇಲ್ಲಿಯ ಬಿಸಿಲಿಗೆ ಅದರ ಕ್ಲಿಪ್ಪುಗಳು ಒಣಗಿದ ಹಪ್ಪಳದಂತೆ ಮುರಿಯುತ್ತವೆ. ಒಂದು ಡಜನ್ ಹೊಸದನ್ನು ಮೊದಲೇ ತಂದಿಟ್ಟುಕೊಳ್ಳಿರಿ. 1949ರಿಂದ ಇಟ್ಟ ದಾಖಲೆಗಳಲ್ಲಿಯೇ ಅತಿ ದೊಡ್ಡದೆನಿಸಿದ 2024ರ ಏಪ್ರಿಲ್ 16ರ ಮಳೆಯ ನೀರಿನಲ್ಲಿ ಓಡಿದ ಕಾರಾದರೆ, ಲೈನರ್ ಈಗಾಗಲೇ ಅರ್ಧ ಕಳಚಿರಲೂಬಹುದು. ಊರಿನಲ್ಲಾದರೆ ಅದರೊಳಗಿಂದ ಕೆಸರು ಉದುರುತ್ತಿತ್ತು. ಇಲ್ಲಿ ಮರಳು ಸುರಿಯುತ್ತದೆ.

ಮುಂದೆ ಬಂಪರಿನ ಅಂಚನ್ನೂ ಹೆಡ್‌ಲೈಟನ್ನೂ ಸಡಿಲಿಸಬೇಕು. ಬಾನೆಟ್ಟಿನ ಅಂಚಿನ ಬೋಲ್ಟುಗಳು ಎದುರಿಗೇ ಕಾಣುತ್ತವೆ. ಅನೇಕ ಕಾರುಗಳಿಗೆ 10 ಮಿ.ಮೀ. ಸ್ಪ್ಯಾನರ್ ಸಾಕು. ಅವಿತಿರುವವು ಬೇರೆ: ಬಾಗಿಲು ತೆರೆದಾಗ ಸಂದಿಯಲ್ಲಿ ಒಂದು, ಬಾಗಿಲ ಕೆಳಗಿನ ಪಟ್ಟಿಯ ಬಳಿ ಒಂದೆರಡು, ಬಂಪರಿನ ಹಿಂದೆ ಒಂದು. ಪಕ್ಕದಲ್ಲಿರುವ ಬಾಗಿಲಿನ ಕೀಲಿನ ಬೋಲ್ಟುಗಳನ್ನು ಮಾತ್ರ ಮುಟ್ಟಬೇಡಿ. ತಗಡು ಬಾರದಿದ್ದರೆ ಎಳೆಯಬಾರದು. ಎಲ್ಲೋ ಒಂದು ಬೋಲ್ಟು ಉಳಿದಿದೆಯೆಂದೇ ತಿಳಿಯಿರಿ. ಫೆಂಡರಿನಲ್ಲಿ ಇಂಡಿಕೇಟರ್ ಇದ್ದರೆ ಅದರ ತಂತಿಯನ್ನೂ ಮರೆಯಬಾರದು. ಬಿಚ್ಚಿದ ಬೋಲ್ಟುಗಳನ್ನು ಮೊಟ್ಟೆಯ ಟ್ರೇಯಲ್ಲಿ ಸಾಲಾಗಿ ಇಡುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿರಿ. ನಮಗಿಂತ ಚೆನ್ನಾಗಿ ನೆನಪಿಡುತ್ತಾರೆ.

ತಗಡು ಕೈಗೆ ಬಂದಾಗ ಒಳಗಿನ ಲೋಹವನ್ನು ದೀಪ ಹಿಡಿದು ನೋಡಬೇಕು. ಅಲ್ಲಿ ಮಡಿಕೆ, ಬಿರುಕು ಕಂಡರೆ ಅಥವಾ ಹೊಸ ಫೆಂಡರಿನ ರಂಧ್ರಗಳು ಹೊಂದದಿದ್ದರೆ ಪೆಟ್ಟು ಎಲುಬಿಗೆ ತಗಲಿರಬಹುದು. ಕೆಲಸ ಅಲ್ಲಿಗೇ ನಿಲ್ಲಲಿ. ಮುಂದಿನ ಅಪಘಾತದಲ್ಲಿ ಪೆಟ್ಟನ್ನು ನುಂಗಿಕೊಂಡು ಒಳಗಿರುವವರನ್ನು ಕಾಯಬೇಕಾದ ಭಾಗವದು. ಸುತ್ತಿಗೆಯಿಂದ ಬಡಿದು ಹೊಸ ತಗಡನ್ನು ಮುಚ್ಚಿದರೆ ಹೆಂಡತಿ ಮಕ್ಕಳ ಕಣ್ಣಿಗೂ ಆ ದೋಷ ಕಾಣದು, ನಾಳೆ ಕಾರನ್ನು ಕೊಳ್ಳುವವನ ಕಣ್ಣಿಗೂ ಕಾಣದು.

ಹೊಸ ಫೆಂಡರನ್ನು ಬಣ್ಣ ಬಳಿಸುವ ಮೊದಲೇ ಒಮ್ಮೆ ಕೂರಿಸಿ ನೋಡಿರಿ. ಅಗ್ಗದ ನಕಲುಗಳು ಕೆಲವೊಮ್ಮೆ ಹೊಂದುವುದಿಲ್ಲ, ಬಣ್ಣ ಬಿದ್ದದ್ದನ್ನು ಅಂಗಡಿಯವನು ಹಿಂದಕ್ಕೆ ಪಡೆಯುವುದಿಲ್ಲ. ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದ ಹಳೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಅದೇ ಬಣ್ಣದ ಅಸಲಿ ತಗಡು ದೊರೆತರೆ ನಿಮ್ಮ ಅದೃಷ್ಟ. ಬಣ್ಣದ ಸಂಕೇತ ಕಾರಿನ ಫಲಕದ ಮೇಲಿದ್ದರೂ ಬಿಸಿಲಿಗೆ ಮಾಸಿದ ಕಾರಿಗೆ ಅದೊಂದೇ ಸಾಲದು. ಪೇಂಟರ್ ಕಾರನ್ನೇ ನೋಡಬೇಕು. ಅಂಚುಗಳಿಗೂ ಒಳಬದಿಗೂ ಬಣ್ಣ ತಗಲಲಿ. ಕಡಲ ತೇವಕ್ಕೆ ತುಕ್ಕು ಹಿಡಿಯುವುದು ಅಲ್ಲಿಂದಲೇ.

ಜೋಡಿಸುವಾಗ ಬಾಗಿಲಿನ ಅಂಚಿಗೆ ಟೇಪು ಅಂಟಿಸಿ, ಎಲ್ಲ ಬೋಲ್ಟುಗಳನ್ನೂ ಮೊದಲು ಬೆರಳಿನಿಂದಷ್ಟೇ ತಿರುಗಿಸಿರಿ. ತಗಡನ್ನು ತುಸು ಸರಿಸಲೆಂದೇ ರಂಧ್ರಗಳು ದೊಡ್ಡದಾಗಿರುತ್ತವೆ. ಕಾರಿನ ಇನ್ನೊಂದು ಬದಿಯ ಸಂದೇ ನಿಮ್ಮ ಅಳತೆಗೋಲು. ಬಾನೆಟ್ಟನ್ನೂ ಬಾಗಿಲನ್ನೂ ಮೆಲ್ಲಗೆ ತೆರೆದು ಮುಚ್ಚಿ, ಎಲ್ಲಿಯೂ ತಾಗದೆಂದು ಕಂಡ ಮೇಲೆ ಬಿಗಿಯಿರಿ. ಲೈನರ್, ದೀಪ, ಬಂಪರುಗಳನ್ನು ಮರಳಿ ಕೂರಿಸಿ, ಚಕ್ರದ ನಟ್ಟುಗಳನ್ನು ಎದುರುಬದುರಾಗಿ ಬಿಗಿದು, ಬ್ಯಾಟರಿಯ ತಂತಿ ಸೇರಿಸಿರಿ. ಸ್ಟೇರಿಂಗನ್ನು ಎರಡೂ ಕೊನೆಯವರೆಗೆ ತಿರುಗಿಸಿದಾಗ ಟೈರು ಲೈನರಿಗೆ ಉಜ್ಜುವ ಸದ್ದು ಬರಬಾರದು. ಅಂದು ರಾತ್ರಿ ಗೋಡೆಯೆದುರು ಕಾರು ನಿಲ್ಲಿಸಿ, ಎರಡೂ ಹೆಡ್‌ಲೈಟುಗಳ ಬೆಳಕು ಒಂದೇ ಎತ್ತರಕ್ಕೆ ಬೀಳುತ್ತಿದೆಯೇ ಎಂದು ನೋಡಿಕೊಳ್ಳಿರಿ.