ನಿಮಗಿದು ಗೊತ್ತೆ? ಬ್ಲೀಚ್ ಬಿದ್ದ ಕುಂಡಕ್ಕೆ ನೀರೇ ಮದ್ದು

ಬಾಲ್ಕನಿ ತೊಳೆಯುವಾಗ ಬ್ಲೀಚ್ ನೀರು ಕುಂಡಕ್ಕೆ ಹರಿದರೆ ಗಿಡವನ್ನು ಕಿತ್ತೆಸೆಯುವ ಅವಸರ ಬೇಡ. ಬ್ಲೀಚ್‌ನಲ್ಲಿರುವ ಸೋಡಿಯಂ ಹೈಪೋಕ್ಲೋರೈಟ್ ಮಣ್ಣಿನ ಸಾವಯವ ಅಂಶದೊಡನೆ ವರ್ತಿಸಿ ಬೇಗನೆ ಒಡೆದುಹೋಗುತ್ತದೆ. ಕೊನೆಗೆ ಉಳಿಯುವುದು ಬಹುಪಾಲು ಅಡುಗೆ ಉಪ್ಪೇ. ಆದರೆ ಆ ಉಪ್ಪೂ ಸಾಧುವಲ್ಲ. ಅದು ಹೆಚ್ಚಾದರೆ ಬೇರಿಗೆ ನೀರು ಹೀರುವುದೇ ಕಷ್ಟವಾಗಿ, ಮಣ್ಣು ಒದ್ದೆಯಿದ್ದರೂ ಗಿಡ ಬಾಡುತ್ತದೆ, ಎಲೆಯಂಚು ಸುಡುತ್ತದೆ. ಉಪ್ಪು ನೀರಿನಲ್ಲಿ ಕರಗುವುದರಿಂದ, ಕುಂಡ ಹಿಡಿಸುವಷ್ಟರ ಎರಡು ಪಟ್ಟಾದರೂ ಸಾದಾ ನೀರನ್ನು ನಿಧಾನವಾಗಿ ಸುರಿದು ತಳದ ತೂತಿನಿಂದ ಹರಿಯಬಿಡಬೇಕು. ಇಷ್ಟು ನೀರಿಗೆ ಬೇರು ಕೊಳೆಯದೇ ಎಂಬ ಅನುಮಾನ ಸಹಜ. ಬೇರು ಕೊಳೆಯುವುದು ಹರಿದುಹೋಗುವ ನೀರಿನಿಂದಲ್ಲ, ಗಾಳಿಯಾಡದಂತೆ ನಿಂತ ನೀರಿನಿಂದ. ಹಾಗಾಗಿ ಕೆಳಗಿನ ತಟ್ಟೆಯನ್ನು ತೆಗೆದಿಡಿ. ಪೋಷಕಾಂಶವೂ ಕೊಚ್ಚಿಹೋಗುತ್ತದೆ, ನಿಜ. ಆದರೂ ಹೊಸ ಚಿಗುರು ಕಾಣುವವರೆಗೆ ಗೊಬ್ಬರ ಬೇಡ; ರಾಸಾಯನಿಕ ಗೊಬ್ಬರವೂ ಲವಣವೇ ತಾನೆ!

ಬ್ಲೀಚಿಗೆ ಪ್ರತಿವಿಷವೆಂದು ವಿನೆಗರ್ ಸುರಿಯುವುದಂತೂ ಅಪಾಯ: ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಫಿನಾಯಿಲ್ ಬಿದ್ದಿದ್ದರೆ ಲೆಕ್ಕ ಬೇರೆ. ಎಣ್ಣೆಯಂಶವಿರುವ ಅದು ಬರೀ ನೀರಿಗೆ ಸುಲಭವಾಗಿ ಜಗ್ಗದು. ಬೇರು ತೊಳೆದು ಮಣ್ಣನ್ನೇ ಬದಲಿಸಬೇಕು.