ಹಳೆಯ ಸರ್ಫೇಸ್ ಗ್ರೈಂಡರ್ ಕೊಳ್ಳುವ ಮುನ್ನ

ಮನೆಯ ವರ್ಕ್‌ಶಾಪಿಗೆ ಹಳೆಯ ಗ್ರೈಂಡರ್ ಹುಡುಕುತ್ತಿರುವ ಹೊಸೂರಿನ ಸದಸ್ಯರಿಗೆ ನಾವು ಹೇಳುವುದಿಷ್ಟೆ: ಹೊಸ ಬಣ್ಣ ನೋಡಿ ಮುಂಗಡ ಕೊಡಬೇಡಿ, ಯಂತ್ರ ಓಡಿಸಿ ನೋಡಿ.

ಉಕ್ಕಿನ ಪಟ್ಟಿಯೊಂದರ ಎರಡೂ ಮುಖ ಉಜ್ಜಿಸಿ, ನಾಲ್ಕು ಮೂಲೆಗಳಲ್ಲೂ ನಡುವೆಯೂ ಮೈಕ್ರೋಮೀಟರಿನಿಂದ ದಪ್ಪ ಅಳೆಯಿರಿ. ವ್ಯತ್ಯಾಸ 0.01 ಮಿ.ಮೀ. ದಾಟಿದರೆ ಅನುಮಾನಿಸಿ. ಮ್ಯಾಗ್ನೆಟಿಕ್ ಚಕ್ ಮಾತ್ರ ಸವೆದಿದ್ದರೆ ಅಲ್ಲೇ ಉಜ್ಜಿ ಸರಿಪಡಿಸಬಹುದು. ಟೇಬಲ್ ಜಾರುವ ಹಾಸೇ ಸವೆದಿದ್ದರೆ ರಿಪೇರಿ ಖರ್ಚು ಯಂತ್ರದ ಬೆಲೆಯನ್ನೂ ಮೀರೀತು. ಅರ್ಧ ಗಂಟೆ ಓಡಿದ ಮೇಲೂ ಸ್ಪಿಂಡಲ್ ಕರಕರ ಎನ್ನಬಾರದು.

ಮೋಟಾರು 415 ವೋಲ್ಟಿನ ತ್ರೀ ಫೇಸ್ ಆಗಿದ್ದು, ಮನೆಯಲ್ಲಿ ಸಿಂಗಲ್ ಫೇಸ್ ಇದ್ದರೆ ಆ ಖರ್ಚನ್ನೂ ಸೇರಿಸಿ ಚೌಕಾಸಿ ಮಾಡಿ.

ಜೊತೆಗೆ ಬಂದ ಹಳೆಯ ಚಕ್ರವನ್ನು ತೂಗುಹಾಕಿ ಮರದ ಹಿಡಿಯಿಂದ ತಟ್ಟಿ. ಗಂಟೆಯಂತೆ ನುಡಿಯದೆ ಬೊದ್ದು ಸದ್ದು ಬಂದರೆ ಬಿರುಕಿದೆಯೆಂದೇ ತಿಳಿದು ಒಡೆದು ಬಿಸಾಡಿ; ತಿರುಗುವಾಗ ಸಿಡಿದರೆ ಪ್ರಾಣಕ್ಕೇ ಸಂಚಕಾರ.